ನಾಲ್ಕನೇ ವಾರ್ಡಿನ ಆಕ್ಷೇಪಣೆ

ಮೂರನೇ ಸಲವೂ ಗಾಳೇಶನ ಅರ್ಜಿ ವಾಪಸು ಬಂತು.

"ಬರೇ ಅನ್ಯಾಯ ಆಗೇತಿ ಅಂದ್ರ ನಡಿಯಂಗಿಲ್ಲರಿ," ಎಂದರು ಗುಮಾಸ್ತ ಉಮಾಪತಿ, ಕಾಗದವನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳುತ್ತ. "ಪುರಾವೆ ತರ್ರಿ."

ಪುರಾವೆ ಕಚೇರಿಯವರೇ ಹೊರಡಿಸಿದ ವಾರ್ಡು ವಿಂಗಡಣೆಯ ಕರಡಿನಲ್ಲೇ ಇತ್ತು. ಪಂಚಾಯಿತಿಯ ಒಂದನೇ ವಾರ್ಡಿನಲ್ಲಿ ಮತದಾರರು ಮುನ್ನೂರ ಹತ್ತು. ನಾಲ್ಕನೇ ವಾರ್ಡಿನಲ್ಲಿ ಸಾವಿರದ ನಾನೂರ ಎಂಬತ್ತಾರು. ಎರಡಕ್ಕೂ ಒಬ್ಬೊಬ್ಬನೇ ಸದಸ್ಯ. ತಾನೇ ತಪ್ಪು ಓದಿಕೊಂಡಿರಬಹುದೆಂದು ಗಾಳೇಶ ಆ ಅಂಕಿಗಳನ್ನು ನಾಲ್ಕು ಸಲ ಪರೀಕ್ಷಿಸಿದ್ದ.

"ಅಲ್ರಿ ಸರ, ನಮ್ಮ ಐದು ಮಂದಿ ಕೂಡಿದ್ರ ಅವರ ಒಂದು ಓಟು ಆತಲ್ರಿ?"

"ಮನಿ ಎಣಿಸಿ ಗೆರಿ ಎಳದಾರ. ನಿಮ್ಮ ಶೆಡ್ಡಿನ ಒಂದು ಸಾಲಿಗೆ ಒಂದ ಮನಿ ನಂಬರ್ ಐತಿ. ಓಟರ್ ಪಟ್ಟಿಯಾಗಿನ ಅಷ್ಟೂ ಮಂದಿ ಖರೇನ ಒಳಗ ಅದಾರಂತ ನಮಗೇನು ಕನಸು ಬೀಳ್ತೈತೇನು?" ಉಮಾಪತಿ ಡ್ರಾಯರಿನಿಂದ ಒಂದು ನಮೂನೆ ತೆಗೆದರು. ಹೆಸರು, ವಯಸ್ಸು, ಊರು, ಸಹಿ. "ಒಬ್ಬೊಬ್ಬರದೂ ತುಂಬಿಸ್ಕೊಂಡು ಬರ್ರಿ. ಸೋಮವಾರ ಐದು ಗಂಟೆಕ್ಕ ಕಡೀ."

ಗಿಣಿಗೇರಾದ ಆಚೆ, ಉಕ್ಕಿನ ಕಾರ್ಖಾನೆಯೊಂದರಲ್ಲಿ ಲಾರಿ ತೂಗುವ ಕೆಲಸ ಗಾಳೇಶನದು. ಹದಿನೇಳು ವರ್ಷದಿಂದ ಕಾರ್ಮಿಕರ ಶೆಡ್ಡಿನಲ್ಲೇ ಸಂಸಾರ. ಅಷ್ಟೂ ಶೆಡ್ಡಿಗೆ ಎರಡೇ ನಳ. ಇದ್ದ ಒಬ್ಬ ಸದಸ್ಯ ಫೋನು ಎತ್ತುವುದನ್ನು ಬಿಟ್ಟು ವರ್ಷವಾಗಿತ್ತು. ವಾರ್ಡು ಒಡೆದು ಇನ್ನೂ ಮೂವರು ಸದಸ್ಯರು ಸಿಕ್ಕರೆ ಒಬ್ಬನಾದರೂ ಎತ್ತಿಯಾನು. ಇದು ತಪ್ಪಿದರೆ ಮತ್ತೆ ಐದು ವರ್ಷ.

ಅವನು ರಜೆ ಹಾಕಿ ಸಾಲು ಸಾಲು ಸುತ್ತಿದ.

"ಊರು ಯಾವುದಬೇ?" ಫಕೀರಮ್ಮನನ್ನು ಕೇಳಿದ. ಆಕೆ ಇಪ್ಪತ್ತೆರಡು ವರ್ಷದಿಂದ ಪಕ್ಕದ ಶೆಡ್ಡಿನವಳು.

"ಗೊತ್ತಿಲ್ಲದಂಗ ಕೇಳ್ತಾನ ನೋಡು ಸಾಹೇಬ! ಕುಷ್ಟಗಿ ಕಡೆ, ದೋಟಿಹಾಳ. ನಮ್ಮೂರ ಹೆಸರು ಛಂದಾಗಿ ಬರಿ."

ಸುತ್ತ ನಿಂತವರು ನಕ್ಕರು. ತಮ್ಮ ತಮ್ಮ ಊರನ್ನು ಒಬ್ಬರಿಗಿಂತ ಒಬ್ಬರು ಜೋರಾಗಿ ಕೂಗಿ ಹೇಳಿದರು. ಗಾಳೇಶ ಒಂದಕ್ಷರವೂ ತಪ್ಪದಂತೆ ಬರೆದುಕೊಂಡ.

ಭಾನುವಾರ ಪಂಪಣ್ಣ ಬಂದ. ಒಂದನೇ ವಾರ್ಡಿನ ಸದಸ್ಯ. ನೂರ ನಾಲ್ಕೇ ಓಟು ಪಡೆದು ಗೆದ್ದವನು. ಜಗಳಕ್ಕೇ ಬಂದಿದ್ದಾನೆಂದು ಗಾಳೇಶ ಎದ್ದು ನಿಂತ. ಪಂಪಣ್ಣ ಪಟ್ಟಿಯ ಹಾಳೆಗಳನ್ನು ನಿಧಾನವಾಗಿ ತಿರುವಿದ.

"ಭಾಳ ಛಲೋ ಬರದೀ ತಮ್ಮಾ. ಒಬ್ಬರನ್ನೂ ಬಿಡಬ್ಯಾಡ. ಸಹಿ ಮಾತ್ರ ಹಾಕಿಸ್ಕೊ, ನಾಳೆ ಯಾರೂ ಇಲ್ಲ ಅನಬಾರದು."

"ಗೆರಿ ಹೊಸದಾಗಿ ಎಳದ್ರ ನಿಮ್ಮ ಸಣ್ಣ ವಾರ್ಡು ಹೊಕ್ಕೈತ್ರಿ ಅಣ್ಣಾ."

"ಹೋದ್ರ ಹೋಗಲಿ. ನ್ಯಾಯ ಆಗಬೇಕಲ್ಲ?"

ಆ ಮಾತು ಗಾಳೇಶನಿಗೆ ಸರಿ ಕಾಣಲಿಲ್ಲ. ಇವನೂ ಉಮಾಪತಿಯೂ ಸೇರಿ ಪಟ್ಟಿಯನ್ನೇ ಕಳೆದುಬಿಡುತ್ತಾರೆ, ಬೇರೇನಿದ್ದೀತು? ಸೋಮವಾರ ಎರಡು ಜೆರಾಕ್ಸ್ ಮಾಡಿಸಿದ. ಹಾಳೆ ಹಾಳೆಗೂ ಮೊಹರು ಹಾಕುವವರೆಗೆ ಕಚೇರಿಯ ಬಾಗಿಲು ಬಿಡಲಿಲ್ಲ.

"ಎಷ್ಟು ಸಂಶಯರಿ ನಿಮಗ!" ಎಂದು ಉಮಾಪತಿ ನಗುತ್ತ ಕೊನೆಯ ಮೊಹರು ಒತ್ತಿದರು. "ಇದರಾಗಿಂದ ಒಂದು ಹಾಳೀನೂ ಕಳಿಯಂಗಿಲ್ಲ, ನಂದು ಮಾತು."

ತಿಂಗಳ ನಂತರ ಕಚೇರಿಯ ಗೋಡೆಗೆ ಅಂತಿಮ ಆದೇಶ ಅಂಟಿಸಿದರು. ಗಾಳೇಶ ಜನರ ಹೆಗಲ ಮೇಲಿಂದ ಓದಿದ. 'ಆಕ್ಷೇಪಣೆಯನ್ನು ಪರಿಗಣಿಸಿ ಸರಿಪಡಿಸಲಾಗಿದೆ.' ಒಂದನೇ ವಾರ್ಡು, ಮತದಾರರು 310. ನಾಲ್ಕನೇ ವಾರ್ಡು, ಮತದಾರರು 317.

ಅವನ ಕಣ್ಣು ತುಂಬಿ ಬಂತು. ಅಲ್ಲೇ ನಿಂತು ಫಕೀರಮ್ಮನಿಗೆ ಫೋನು ಮಾಡಿದ. "ಗೆದ್ದಿವಬೇ! ಸಮ ಮಾಡ್ಯಾರ!" ನಮ್ಮ ಶೆಡ್ಡು ಯಾವ ಹೊಸ ವಾರ್ಡಿಗೆ ಬಂದಿದೆ ಎಂದು ಅವಳು ಕೇಳಿದಳು. ಅವನು ಪಕ್ಕದ ನಕ್ಷೆಯಲ್ಲಿ ಬೆರಳಿಟ್ಟು ಹುಡುಕಿದ. ಹೊಸ ವಾರ್ಡು ಒಂದೂ ಇರಲಿಲ್ಲ. ಗಡಿ ಇದ್ದಲ್ಲೇ ಇತ್ತು.

ಒಳಗೆ ಓಡಿದ. "ಸರ, ಗೆರಿ ಸರದ ಇಲ್ಲಲ್ರಿ?"

"ಗೆರಿ ಯಾಕ ಸರಸಬೇಕ್ರಿ?" ಉಮಾಪತಿ ಕಡತವನ್ನು ಅವನತ್ತ ತಿರುಗಿಸಿದರು, ಅವನದೇ ದುಂಡಗಿನ ಅಕ್ಷರ, ಪ್ರತಿ ಊರಿನ ಮುಂದೆ ಒಂದೊಂದು ಗೀಟು. "ತಮ್ಮ ಊರು ಬ್ಯಾರೆ ಅಂತ ಸಾವಿರದ ನೂರಾ ಅರವತ್ತೊಂಬತ್ತು ಮಂದಿ ಸಹಿ ಹಾಕಿ ಕೊಟ್ಟಾರ. ಅಷ್ಟೂ ಹೆಸರು ಓಟರ್ ಪಟ್ಟಿಯಿಂದ ತಗದ್ವಿ, ನಿಮ್ಮದೂ ಕೂಡಿ."