ಅಮೆರಿಕದ ಪಾಠ

ಅಮೆರಿಕನ್ ಸಾಹಿತ್ಯದ ಮೇಷ್ಟ್ರು ಆ ದಿನ ಗುಲಾಮಗಿರಿಯ ಪಾಠ ಮಾಡುತ್ತಿದ್ದರು. “ಅಮೆರಿಕದಲ್ಲೀಗ ದೂರು ಬರುತ್ತೆ ಅಂತ ಹೆದರಿ ಕೆಲವು ಮೇಷ್ಟ್ರುಗಳು ಈ ಚರಿತ್ರೆಯನ್ನೇ ಹಾರಿಸಿಬಿಡ್ತಾರೆ. ಹೇಡಿಗಳು,” ಎಂದರು.

ಆಗಲೇ ಕೊನೆಯ ಬೆಂಚಿನಲ್ಲಿ ನಡುವಯಸ್ಸಿನ ಅಪರಿಚಿತನೊಬ್ಬ ಫೋನು ಹಿಡಿದು ರೆಕಾರ್ಡ್ ಮಾಡುತ್ತಿರುವುದು ಕಂಡಿತು. ಯಾರು ಕಳಿಸಿದವನೋ. ಮೇಷ್ಟ್ರು ಮುಂದಿನ ಮಾತು ನುಂಗಿಕೊಂಡು, ಬೆಲ್ಲಿಗೆ ಮುಂಚೆಯೇ ಪಾಠ ಮುಗಿಸಿದರು.

ಬಾಗಿಲಲ್ಲಿ ಅವನನ್ನು ತಡೆದರು. “ಯಾರ ಕಡೆಯವರು ನೀವು?”

“ನಿಮ್ಮ ಸ್ಟೂಡೆಂಟ್ ಒಬ್ಬಳ ತಂದೆ ಸಾರ್. ಮಗಳಿಗೆ ಟೈಫಾಯ್ಡು. ಇವತ್ತಿನ ಪಾಠ ರೆಕಾರ್ಡ್ ಮಾಡ್ಕೊಂಡು ಬಾ ಅಂದ್ಲು.”

ಮೇಷ್ಟ್ರ ಮನಸ್ಸು ಹಗುರಾಯಿತು. “ಮೊದಲೇ ಹೇಳಬಾರದಾ? ಎಲ್ಲಾ ಸಿಕ್ತಲ್ಲ?”

“ನಮ್ಮ ಕೇರಿಯವರಿಗೆ ಊರ ಬಾವಿ ಮುಟ್ಟೋಕೆ ಬಿಡದಿದ್ದ ಕತೇನ ಪ್ರತಿ ವರ್ಷ ಇದೇ ಪಾಠದಲ್ಲಿ ಹೇಳ್ತೀರಂತೆ. ಅವಳು ಕೇಳಿದ್ದು ಅದನ್ನೇ ಸಾರ್, ನೀವು ಹೇಳಲೇ ಇಲ್ಲ.”