ಗರಗಸ ನಿಂತ ಹೊತ್ತು

ಬಡಗಿ ಗರಗಸದ ಯಂತ್ರವನ್ನು ಆರಿಸಿದ. ಅರ್ಧ ಕುಯ್ದ ಹಲಗೆ ಹಾಗೆಯೇ ಉಳಿಯಿತು. ಬಾಗಿಲಿನ ಚೌಕಟ್ಟಿಗೆ ಉಪ್ಪುಕಾಗದ ಉಜ್ಜುತ್ತಿದ್ದ ಹೆಂಡತಿ ತಲೆಯೆತ್ತಿದಳು.

“ಕರೆಂಟ್ ಹೋಯ್ತಾ?”

“ಇಲ್ಲ, ನಾನೇ ಆರಿಸಿದೆ. ಹೊರಗೆ ಪೆಟ್ಟಿಗೆಯಲ್ಲಿ ಹಕ್ಕಿಮರಿ ಇವೆ. ಈ ಗಲಾಟೆಗೆ ಪಾಪ, ಹೆದರಿ ಸಾಯ್ತವೆ.”

“ಓಹೋ. ನಮ್ಮ ಮಗಳು ಇದೇ ಹೊಟ್ಟಿನ ಮೂಟೆ ಮೇಲೆ ಮಲಗ್ತಿದ್ದಳಲ್ಲ, ಆಗ ಒಂದು ದಿನ ಆರಿಸಿದ್ದು ನನಗಂತೂ ನೆನಪಿಲ್ಲ.”

“ಅವಳೇನು ಹಾಡ್ತಿದ್ದಳಾ? ಅರಚ್ತಿದ್ದಳು.”

“ಹಾಗೆ ಹೇಳಿ ಮತ್ತೆ. ಮರಿ ನೆಪ, ನಿಮಗೆ ಬೇಕಿರೋದು ಹಾಡು.”

ಬಡಗಿ ನಕ್ಕ. ಪೊಟರೆಯಿದ್ದ ಹಳೆಯ ಮರಗಳು ಒಂದೊಂದಾಗಿ ಉರುಳಿದ ಮೇಲೆ ಮಡಿವಾಳ ಹಕ್ಕಿ ಗೂಡಿಗೆ ಜಾಗವಿಲ್ಲದೆ ಊರು ಬಿಟ್ಟಿತ್ತು. ಅದನ್ನು ಮತ್ತೆ ಕರೆತರಬೇಕೆಂದು ಪಕ್ಷಿಪ್ರಿಯರ ಸಂಘದವರು ಪೊಟರೆಯ ಬದಲಿಗೆ ಮರದ ಪೆಟ್ಟಿಗೆಗಳನ್ನು ಕಟ್ಟಲು ಹೊರಟಾಗ, ಅವನ್ನು ಮಾಡಿಕೊಟ್ಟವನು ಇವನೇ. ಒಂದನ್ನು ಕೇಳಿ ಇಟ್ಟುಕೊಂಡು ತನ್ನ ಶೆಡ್ಡಿನ ಹೊರಗೋಡೆಗೆ, ಸೂರಿನ ಕೆಳಗೆ ಮೊಳೆ ಹೊಡೆದು ಕೂರಿಸಿದ್ದ. ಅದಕ್ಕೊಂದು ಜೋಡಿ ಬಂದಿತ್ತು. ಚಿಕ್ಕಂದಿನಲ್ಲಿ ಆ ಹಾಡು ಕೇಳುತ್ತಾ ಬೆಳೆದವನು ಅವನು; ಹೆಂಡತಿ ಮದುವೆಯಾಗಿ ಈ ಊರಿಗೆ ಬರುವ ಹೊತ್ತಿಗೆ ಕೇಳಲು ಹಕ್ಕಿಯೇ ಇರಲಿಲ್ಲ. ಅವಳಿಗೆ ಒಮ್ಮೆ ಕೇಳಿಸಬೇಕೆಂಬುದು ಅವನ ಆಸೆ. ಆದರೆ ಮುಂಜಾನೆಯ ಹಾಡಿಗೆ ಇಲ್ಲಿ ಬರುವಂತಿರಲಿಲ್ಲ; ಶೆಡ್ಡುಗಳ ಈ ಗಲ್ಲಿಯ ದೊಡ್ಡ ಗೇಟನ್ನು ಕಾವಲುಗಾರ ತೆಗೆಯುತ್ತಿದ್ದುದೇ ಕೆಲಸದ ಹೊತ್ತಿಗೆ. ಬಂದವನೇ ಬಡಗಿ ಯಂತ್ರ ಹಾಕುತ್ತಿದ್ದ. ಅದು ಓಡುವಾಗ ಪಕ್ಕದವರು ಕೂಗಿದರೂ ಕೇಳಿಸುತ್ತಿರಲಿಲ್ಲ.

ಇಬ್ಬರೂ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಪೆಟ್ಟಿಗೆಯೊಳಗೆ ಮರಿಗಳು ಚೀಂಗುಟ್ಟುತ್ತಿದ್ದವು. ಸ್ವಲ್ಪ ಹೊತ್ತಿಗೆ ಗಂಡುಹಕ್ಕಿ ಕೊಕ್ಕಿನಲ್ಲಿ ಹುಳು ಕಚ್ಚಿಕೊಂಡು ಎದುರಿನ ತಂತಿಗೆ ಬಂತು. ಅದು ಹಾಡಲಿಲ್ಲ, ಗೂಡಿಗೂ ಹೋಗಲಿಲ್ಲ. ಬಾಲ ಕುಣಿಸುತ್ತಾ ಚರ್ರ್ ಚರ್ರ್ ಎಂದು ಸಿಡುಕಿತು. ಹೆಣ್ಣು ಬಂದು ಪಕ್ಕದಲ್ಲಿ ಕೂತಿತು. ಅದರ ಬಾಯಲ್ಲೂ ಹುಳು.

“ನಮ್ಮನ್ನ ನೋಡಿ ಹೆದರ್ತಿವೆಯೇನೋ,” ಎಂದು ಬಡಗಿ ಸ್ಟೂಲನ್ನು ಒಳಗೆ ಎಳೆದುಕೊಂಡ. ಆಗ ತಗಡಿನ ಮಾಡಿನ ಮೇಲೆ ಉಗುರಿನ ಸದ್ದಾಯಿತು. ಕಾಗೆಯೊಂದು ಸೂರಿನ ಅಂಚಿಗೆ ನಡೆದು ಬಂದು, ಬಗ್ಗಿ, ಪೆಟ್ಟಿಗೆಯ ತೂತನ್ನು ಒಂದೇ ಕಣ್ಣಲ್ಲಿ ನೋಡಿತು.

ಬಡಗಿ ಕೋಲು ಹಿಡಿದು ಓಡಿಸಿದ. ಗಲ್ಲಿಯ ಕ್ಯಾಂಟೀನಿನ ಮಾಡಿಗೆ ಹಾರಿದ ಕಾಗೆ, ಅವನು ಬೆನ್ನು ತಿರುಗಿಸುವಷ್ಟರಲ್ಲಿ ಹಿಂದಕ್ಕೆ ಬಂದಿತ್ತು. ಮತ್ತೆ ಓಡಿಸಿದ, ಮತ್ತೆ ಬಂತು. ತಂತಿಯ ಮೇಲಿನ ಜೋಡಿ ಕದಲಲಿಲ್ಲ. ಮರಿಗಳ ದನಿ ಸಣ್ಣದಾಗತೊಡಗಿತು.

“ರೀ, ಈ ಕಾಗೆ ಇಷ್ಟು ದಿನ ಎಲ್ಲಿತ್ತು?” ಎಂದಳು ಹೆಂಡತಿ.

“ಎಲ್ಲಿರುತ್ತೆ, ಕ್ಯಾಂಟೀನಿನವರ ಕಸದ ಡಬ್ಬಿ ಹತ್ರ.”

“ಮತ್ತೆ ಇತ್ತ ಕಡೆ ಯಾಕೆ ತಲೆ ಹಾಕ್ತಿರ್ಲಿಲ್ಲ?”

ಬಡಗಿ ತಿರುಗಿ ಯಂತ್ರದ ಕಡೆ ನೋಡಿದ. ಅವಳೂ ನೋಡಿದಳು.

“ಹಾಡು?” ಎಂದ ಅವನು, ಮೆಲ್ಲಗೆ.

“ಹಾಡಿಗೇನು ಅವಸರ. ಮೊದಲು ಅವುಗಳ ಊಟ ಆಗಲಿ.”

ಅವನು ಸ್ವಿಚ್ ಒತ್ತಿ ಅರ್ಧ ಉಳಿದ ಹಲಗೆಯನ್ನು ಗರಗಸಕ್ಕೆ ಕೊಟ್ಟ. ಶೆಡ್ಡಿನ ತಗಡೆಲ್ಲ ನಡುಗಿತು. ಕಾಗೆ ರೆಕ್ಕೆ ಬಡಿದು ಎದ್ದು ಹೋಯಿತು. ಹಲಗೆ ತುಂಡಾಗುವುದರೊಳಗೆ ಗಂಡು ತಂತಿಯಿಂದ ಜಾರಿ, ನೇರ ಪೆಟ್ಟಿಗೆಯ ತೂತಿನಲ್ಲಿ ಮಾಯವಾಯಿತು. ಅದು ಹೊರಬಂದೊಡನೆ ಹೆಣ್ಣು ಒಳಗೆ ಹೋಯಿತು.

ಆ ದಿನ ಕುಯ್ಯಬೇಕಾದ ಮರ ಬೇಗ ಮುಗಿಯಿತು. ಬಡಗಿ ಕೈ ಚೆಲ್ಲಿ, “ಖಾಲಿ ಓಡಿಸೋದಾ?” ಎಂದು ಕೂಗಿ ಕೇಳಿದ.

“ಖಾಲಿ ಯಾಕೆ? ಅಡುಗೆಮನೆಗೆ ಕಪಾಟು ಬೇಕು ಅಂತ ಬಂದಾಗಿನಿಂದ ಬಡ್ಕೊಳ್ತಿದೀನಿ. ಹಲಗೆ ತೆಗೀರಿ.”

ಅವನು ಹಲಗೆ ತೆಗೆದ. ಅವನು ಈಚೆಯಿಂದ ತಳ್ಳಿದ್ದನ್ನು ಅವಳು ಆಚೆ ನಿಂತು ಹಿಡಿದುಕೊಂಡಳು. ಮಧ್ಯಾಹ್ನದ ಬಿಸಿಲು ಬಾಗಿಲಿಗೆ ಬರುವ ಹೊತ್ತಿಗೆ ಕಪಾಟಿಗೆ ಬೇಕಾದದ್ದಕ್ಕಿಂತ ಹೆಚ್ಚೇ ಹಲಗೆಗಳು ಗೋಡೆಗೆ ಒರಗಿದ್ದವು. ಹಕ್ಕಿಗಳು ಹೋಗಿ ಬಂದು ಮಾಡುತ್ತಲೇ ಇದ್ದವು.

ಹೆಂಡತಿ ಇದ್ದಕ್ಕಿದ್ದಂತೆ ಗದ್ದ ಎತ್ತಿ ಹೊರಗೆ ತೋರಿಸಿದಳು. ಗಂಡುಹಕ್ಕಿ ಲೈಟು ಕಂಬದ ತುದಿಯಲ್ಲಿ ಕೂತಿತ್ತು. ಬಾಲ ನೆಟ್ಟಗೆ, ಕೊಕ್ಕು ಅಗಲ, ಕರಿಯ ಗಂಟಲು ಉಬ್ಬಿ ಇಳಿದು ಮತ್ತೆ ಉಬ್ಬುತ್ತಿತ್ತು.

ಬಡಗಿಯ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು. ಅಷ್ಟರಲ್ಲಿ ಅವಳು ಸುತ್ತಿ ಬಂದು ಅವನ ಮಣಿಕಟ್ಟು ಹಿಡಿದಳು. ಕಾಗೆ ಕ್ಯಾಂಟೀನಿನ ಮಾಡಿನ ಮೇಲೆ ಈ ಕಡೆಗೇ ಮುಖ ಮಾಡಿ ಕೂತಿತ್ತು.

ಇಬ್ಬರೂ ಹಾಗೆಯೇ ನಿಂತು ಆ ಗಂಟಲನ್ನು ನೋಡಿದರು. ಆಮೇಲೆ ಅವಳು ಅವನ ಕಿವಿಗೆ ಬಾಯಿಟ್ಟು ಜೋರಾಗಿ ಹೇಳಿದಳು:

“ಚೆನ್ನಾಗಿ ಹಾಡ್ತಾನೆ.”

ಅವನು ತಲೆಯಾಡಿಸಿ ಇನ್ನೊಂದು ಹಲಗೆ ಎತ್ತಿಕೊಂಡ.