ಗೇಟಿನ ಮುಂದಿನ ಸಪ್ಪಳ

"ನಿನ್ನ ಎಂದೂ ಉಪವಾಸ ಮಲಗಸಂಗಿಲ್ಲವ್ವಾ" ಎಂದು ಓಂಕಾರ ತಾಯಿಗೆ ಮಾತು ಕೊಟ್ಟದ್ದು, ಕೆಂಪು ಗಾಡಿ ಮನೆಗೆ ಬಂದ ದಿನ.

ಶಾಂತಾಬಾಯಿಗೆ ಆ ಗಾಡಿ ಹಿಡಿಸಿರಲಿಲ್ಲ. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಓಡುವ ಕಾರು. ಹೊಸ್ತಿಲಲ್ಲೇ ನಿಂತು ಷರತ್ತು ಹಾಕಿದಳು. "ನೀ ಬಂದು ಬ್ರೇಕ್ ಹಾಕಿದ ಸಪ್ಪಳ ಕಿವಿಗಿ ಬೀಳೂತನಕ ನಾ ತುತ್ತು ಎತ್ತಂಗಿಲ್ಲ. ನೆನಪಿಟ್ಟುಕೋ." ಓಂಕಾರ ನಕ್ಕು ಅವಳ ಅಂಗೈ ಮೇಲೆ ಕೈಯಿಟ್ಟ. ಮರುದಿನವೇ ರೇಸಿನ ಬ್ರೇಕ್ ಪ್ಯಾಡು ಹಾಕಿಸಿಕೊಂಡು ಬಂದ. ಗೇಟಿನ ಮುಂದೆ ಅದು ಚೀರುವ ಚೀರಿಗೆ ಇಡೀ ಓಣಿಗೆ ಶಾಂತಾಬಾಯಿಯ ಊಟದ ಹೊತ್ತು ಗೊತ್ತಾಗುತ್ತಿತ್ತು.

ಮೊನ್ನೆಯಿಂದ ಆ ಚೀರು ಇಲ್ಲ.

ತಪ್ಪು ಖಂಡಪ್ಪನದು. ಬೀದರ ಕಡೆಯಿಂದ ಬಂದು ಇವರಿರುವ ಸಂಭಾಜಿನಗರದಲ್ಲೇ ಗ್ಯಾರೇಜು ಇಟ್ಟವನು. ಪ್ಯಾಡು ಕಬ್ಬಿಣದವರೆಗೆ ಸವೆದಿವೆ ಎಂದು ಶಾಂತಾಬಾಯಿಯ ಗಂಡ ವಿಶ್ವನಾಥಪ್ಪ ಗಾಡಿ ಬಿಟ್ಟು ಬಂದರೆ, ಅವನು ತಾನಾಗಿ ಸದ್ದಿಲ್ಲದ ಪ್ಯಾಡು ಹಾಕಿ ಕಳಿಸಿದ್ದ. ಒಳ್ಳೆಯದೇ ಮಾಡಿದೆ ಅಂದುಕೊಂಡಿದ್ದ. ಅಂದು ಸಂಜೆ ಗಾಡಿ ಬೆಣ್ಣೆಯ ಮೇಲೆ ಜಾರಿದಂತೆ ಬಂದು ನಿಂತಿತು. ಶಾಂತಾಬಾಯಿ ಕಿಟಕಿಯಿಂದ ನೋಡಿದಳು. ಕಾದಳು. ಆಮೇಲೆ ತಟ್ಟೆ ಮಗುಚಿಟ್ಟು ದೀಪ ಆರಿಸಿದಳು.

ನಿನ್ನೆಯೂ ಅದೇ. ಗಂಡ ಬೈದು ನೋಡಿದ, ಬೇಡಿಕೊಂಡ. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ಇವತ್ತು ಬೆಳಿಗ್ಗೆ ಎದ್ದು ನಿಂತಾಗ ಬಾಗಿಲು ಹಿಡಿದುಕೊಂಡಳು.

ವಿಶ್ವನಾಥಪ್ಪ ಬಟ್ಟೆ ಅಂಗಡಿಯ ಶಟರ್ ತೆಗೆಯಲೇ ಇಲ್ಲ. ಖಂಡಪ್ಪನ ಗುಜರಿ ಡಬ್ಬಿಯಿಂದ ಹಳೆಯ ಪ್ಯಾಡು ಹುಡುಕಿ ಕರವಸ್ತ್ರದಲ್ಲಿ ಕಟ್ಟಿಕೊಂಡು, ಅದೇ ಗಾಡಿಯಲ್ಲಿ ನಾಸಿಕದ ದಾರಿ ಹಿಡಿದ. ರ‍್ಯಾಲಿ ಓಡಿಸುವ ಹುಡುಗರೆಲ್ಲ ಅಲ್ಲಿ ಮಲ್ಲಿನಾಥನ ಅಂಗಡಿಗೇ ಹೋಗುತ್ತಾರೆಂದು ಓಂಕಾರ ಹೇಳುತ್ತಿದ್ದ.

ಮಲ್ಲಿನಾಥ ಭಾಲ್ಕಿಯವನು. ಕನ್ನಡ ಕಿವಿಗೆ ಬಿದ್ದದ್ದೇ ಕುರ್ಚಿ ಎಳೆದು ಹಾಕಿದ. ಸವೆದ ಪ್ಯಾಡನ್ನು ಬೆಳಕಿಗೆ ಹಿಡಿದು ಹುಬ್ಬೇರಿಸಿದ.

"ಕಾಕಾ, ಇದು ಟ್ರ್ಯಾಕ್ ಮ್ಯಾಲ ಓಡ್ಸೋರ ಮಾಲು. ಬಿಸಿ ಆದ್ರ ಹುಲಿ ಹಿಡದಂಗ ಹಿಡೀತದ. ತಣ್ಣಗಿದ್ದಾಗ ಬರೇ ಚೀರ್ತದ. ಗಾಡಿ ಎಲ್ಲಿತನಕ ಓಡ್ತದ ದಿನಾ?"

"ಮನೀಲಿಂದ ಚೌಕಿನತನಕ. ತಿರುಗಿ ಮನಿಗಿ."

ಮಲ್ಲಿನಾಥ ಹೊಟ್ಟೆ ಕುಲುಕಿಸಿ ನಕ್ಕ. "ಅಷ್ಟಕ್ಕ ಇದು ಯಾಕ್ರೀ? ಓಣಿ ಮಂದಿ ಬಡಿಗಿ ತೊಗೊಂಡು ಬರ್ತಾರ."

"ಮೊದಲ ಬಂದಿದ್ರು. ಈಗ ಯಾರೂ ಏನೂ ಅನ್ನಂಗಿಲ್ಲ."

"ಮಗ ಜೋರು ಇದ್ದಾನನ್ನಿ. ಅವಾ ಯಾಕ ಬರಲಿಲ್ಲ?"

"ಅವಗ ಬರಾಕ ಆಗಂಗಿಲ್ಲ."

"ಈಗಿನ ಹುಡುಗರು ಹಿಂಗೇ ನೋಡ್ರಿ. ಶೋಕಿ ಅವರದು, ಓಡಾಟ ನಮ್ದು."

ವಿಶ್ವನಾಥಪ್ಪ ಹೂಂ ಎಂದು, "ಸಪ್ಪಳ ಮಾತ್ರ ಮೊದಲಿನಂಗ ಬರಬೇಕು" ಎಂದ.

ಮೊದಲು ಹಾಕಿದ ಜೋಡಿ ಸದ್ದೇ ಮಾಡಲಿಲ್ಲ. ಎರಡನೆಯದು ಗೊರಗೊರ ಎಂದಿತು. ಅಂಗಡಿಯ ಹಿಂದಿನ ಗಲ್ಲಿಯಲ್ಲಿ ವಿಶ್ವನಾಥಪ್ಪ ಗಾಡಿ ಓಡಿಸುವನು, ಬ್ರೇಕು ತುಳಿಯುವನು, ಕಣ್ಣು ಮುಚ್ಚಿ ಕೇಳುವನು, ಅಲ್ಲವೆಂದು ತಲೆಯಾಡಿಸುವನು. ಪ್ರತಿ ಸಲ ಪೆಡಲಿಗೆ ಕಾಲು ಎಟುಕಿಸಲು ತಿಣುಕುತ್ತಿದ್ದ. ಬೆನ್ನಿಗೆ ದಿಂಬು ಇಟ್ಟುಕೊಂಡಿದ್ದರೂ ಅಷ್ಟೆ.

"ಸೀಟು ಮುಂದಕ ಸರಸ್ಕೋರಿ ಕಾಕಾ. ಕೆಳಗ ಹಿಡಿಕಿ ಅದ."

"ಬ್ಯಾಡ." ದನಿ ತುಸು ಗಡುಸಾಯಿತು. "ಅದು ಅವನ ಅಳತಿ. ಇರಲಿ."

ಮಲ್ಲಿನಾಥ ಮತ್ತೆ ನಗಲಿಲ್ಲ. ಒಳಗೆ ಹೋಗಿ, ಮೇಲಿನ ಹಲಗೆಯಿಂದ ಧೂಳು ಹಿಡಿದ ಪೆಟ್ಟಿಗೆ ಇಳಿಸಿ ತಂದ. ಆ ಜೋಡಿ ಹಾಕಿ ನಾಲ್ಕಾರು ಸಲ ಗಟ್ಟಿಯಾಗಿ ತುಳಿಸಿ, ಚಹಾ ಕುಡಿಯುವಷ್ಟು ಹೊತ್ತು ಆರಲು ಬಿಟ್ಟರು. ಆಮೇಲೆ ಮತ್ತೊಮ್ಮೆ. ಮೊದಲು ಸಣ್ಣ ಸಿಳ್ಳೆ, ಹಿಂದೆಯೇ ಎಳೆದ ಚೀರು, ನಿಲ್ಲುವಾಗ ಒಂದು ಬಿಕ್ಕು.

ವಿಶ್ವನಾಥಪ್ಪ ಸ್ಟೀರಿಂಗಿನ ಮೇಲೆ ಹಣೆಯಿಟ್ಟ.

"ಇದೇ" ಎಂದ.

"ಮಗನಿಗಿ ಹೇಳ್ರಿ ಮತ್ತ. ತಣ್ಣಗಿದ್ದಾಗ ಗಾಡಿ ಸ್ವಲ್ಪ ಮುಂದ ಹೋಗಿ ನಿಲ್ತದ. ಹುಷಾರು ಅನ್ನಿ."

"ಹೇಳ್ತೀನಿ."

ತಿರುಗಿ ಬರುವ ದಾರಿಯಲ್ಲಿ ಯೇವಲಾ ದಾಟುವಾಗ ಬಿಸಿಲು ಬಾಗಿತ್ತು. ರೇಡಿಯೋ ಹಚ್ಚಲಿಲ್ಲ. ಪಕ್ಕದ ಸೀಟಿನ ಬೆಲ್ಟು ದಾರಿಯುದ್ದಕ್ಕೂ ಟಿಕ್ ಟಿಕ್ ಎಂದು ಬಾಗಿಲಿಗೆ ಬಡಿಯುತ್ತಿತ್ತು. ಅವನು ಆ ಕಡೆ ನೋಡಲಿಲ್ಲ. ಊಟದ ಹೊತ್ತಿನೊಳಗೆ ಮುಟ್ಟಬೇಕು, ಅಷ್ಟೇ. ಇನ್ನೊಂದು ರಾತ್ರಿ ಅವಳು ತಾಳುವವಳಲ್ಲ.

ದೀಪ ಹಚ್ಚುವ ಹೊತ್ತಿಗೆ ಕೆಂಪು ಗಾಡಿ ಓಣಿ ಹೊಕ್ಕಿತು. ಕಟ್ಟೆಯ ಮೇಲಿನವರು ಮಾತು ನಿಲ್ಲಿಸಿದರು. ಕಿಟಕಿಯ ಪರದೆ ಅಲುಗಿತು.

ಸಣ್ಣ ಸಿಳ್ಳೆ. ಎಳೆದ ಚೀರು. ಒಂದು ಬಿಕ್ಕು.

ಒಳಗೆ ತಟ್ಟೆ ನೆಲಕ್ಕಿಟ್ಟ ಸದ್ದಾಯಿತು.

ವಿಶ್ವನಾಥಪ್ಪ ಎಂಜಿನ್ ಆರಿಸಿ, ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಬಂದ. ಶಾಂತಾಬಾಯಿ ಜೋಳದ ರೊಟ್ಟಿ ಮುರಿಯುತ್ತಿದ್ದಳು. ಎರಡು ತಟ್ಟೆ ಇದ್ದವು.

"ಕೈ ತೊಳಕೊಂಡು ಬರ್ರಿ" ಎಂದಳು, ತಲೆ ಎತ್ತದೆ. "ನಾಸಿಕತನಕ ಹೋಗಿ ಬಂದೀರಿ. ಕಾಲು ನೋಯ್ತಿರಬೇಕು, ಅವನ ಸೀಟಿನಾಗ ಕುಂತು."

ಮೂರು ವರ್ಷದ ಹಿಂದೆ, ಓಂಕಾರನನ್ನು ಮಣ್ಣು ಮಾಡಿ ಬಂದ ಮೇಲೆ ಅನ್ನ ಬಿಟ್ಟು ಕೂತಿದ್ದವಳು, ಆ ಗಾಡಿಯ ಚಾವಿಯನ್ನು ತಾನೇ ಗಂಡನ ಕೈಯಲ್ಲಿಟ್ಟು "ದಿನಾ ಇಷ್ಟು ಮಾಡ್ರಿ, ಉಣ್ತೀನಿ" ಎಂದಿದ್ದಳು. ಇವತ್ತು ರಾತ್ರಿ ಅವಳು ಉಪವಾಸ ಮಲಗಲಿಲ್ಲ.